ಬಿಲದ ಜೇಡಗಳನ್ನು ಬೇಟೆಯಾಡುವ ಸಣ್ಣ ಚೇಳು

(ವ್ಯವಸಾಯ ಇನ್‌ಸ್ಪೆಕ್ಟರೊಬ್ಬರು, ಎಲ್. ಏಜಿ., ಬರೆದುದು)

ಹೊಲದ ಬದುವಿನ ಮೇಲಿರುವ ಕಲ್ಲೊಂದನ್ನು ಎತ್ತಿದಾಗ ಅದರ ಅಡಿಯಿಂದ ಚೇಳು ಕೊಂಡಿಯನ್ನು ಬೆನ್ನ ಮೇಲಕ್ಕೆ ಬಾಗಿಸಿಕೊಂಡು ಹೊರಡುವುದು ನಮ್ಮ ಬಯಲುಸೀಮೆಯ ಬೇಸಾಯಗಾರರೆಲ್ಲರಿಗೂ ಅನುಭವಸಿದ್ಧವಾದ ಸಂಗತಿಯಾಗಿದೆ. ಕಂಡೊಡನೆಯೇ ಕಾಲಿನ ಎಕ್ಕಡವನ್ನಾಗಲಿ ಕೈಯೊಳಗಿನ ಗುದ್ದಲಿಯನ್ನಾಗಲಿ ಬೀಸಿ ಅದನ್ನು ಜಜ್ಜಿಬಿಡುವುದೂ ರೂಢಿಯಾಗಿ ಬಂದಿದೆ. ಮಕ್ಕಳ ಮತ್ತು ಕೂಲಿಯಾಳುಗಳ ಪ್ರಾಣವನ್ನು ನೆನೆದು ಹೀಗೆ ಮಾಡುವವರನ್ನು ತಪ್ಪಿತಸ್ಥರೆನ್ನಲು ಯಾರಿಗೂ ಬಾಯಿ ಬಾರದು. ಆದರೆ ಆ ಜಂತುವು ಆ ಬದುವಿನಲ್ಲಿ ಏನು ಮಾಡುತ್ತಿದ್ದಿತು, ಯಾವುದನ್ನು ತಿಂದು ಜೀವಿಸುತ್ತಿದ್ದಿತು, ಅದು ಇಲ್ಲವಾದರೆ ಹೊಲಕ್ಕೆ ಲಾಭವೋ ನಷ್ಟವೋ ಎಂಬುದನ್ನು ವಿಚಾರಿಸಿ ನೋಡುವವರು ಬಹು ವಿರಳ.

ಗ್ರಾಮಗಳನ್ನು ಸುತ್ತುವಾಗ ನನ್ನನ್ನು ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದುಂಟು. ಹಾವಾಗಲಿ, ಜೇಡವಾಗಲಿ, ಕಣಜವಾಗಲಿ, ಕಣ್ಣಿಗೆ ಬಿದ್ದ ಜಂತುವನ್ನು ತೋರಿಸಿ, "ಸ್ವಾಮಿ, ಇದು ರೈತನಿಗೆ ಮಿತ್ರನೋ ಶತ್ರುವೋ? ಒಂದೇ ಮಾತಿನಲ್ಲಿ ಹೇಳಿಬಿಡಿ" ಎನ್ನುತ್ತಾರೆ. ಒಂದೇ ಮಾತಿನ ಉತ್ತರ ಎಲ್ಲಾ ಸಂದರ್ಭಗಳಲ್ಲಿಯೂ ಸಾಧ್ಯವಿಲ್ಲವೆಂಬುದನ್ನು ತಿಳಿಯಪಡಿಸುವುದಕ್ಕೆ ದೂರದೇಶದ ಸಣ್ಣ ಚೇಳೊಂದರ ಜೀವನಕ್ರಮವನ್ನು ಈ ಲೇಖನದಲ್ಲಿ ವಿವರಿಸಿದೆ. ದೇಶವು ದೂರದ್ದಾದರೂ, ಆ ಚೇಳಿನ ಕುಲದವರು ನಮ್ಮ ಮನೆಯ ಗೋಡೆಯ ಸಂದಿನಲ್ಲಿಯೇ ಇರುವರಾದ್ದರಿಂದ, ಗ್ರಾಮದ ಪ್ರಮುಖರೂ ಹಿಡುವಳಿದಾರರೂ ಇದನ್ನು ಪರದೇಶದ ಕಥೆಯೆಂದು ಉಪೇಕ್ಷಿಸಲಾರರೆಂದು ನಂಬಿದ್ದೇನೆ.

ಕುಲವೂ ಆಕಾರವೂ

ಈ ಚೇಳು ಆಸ್ಟ್ರೇಲಿಯಾ ಖಂಡದ ನಿವಾಸಿ. ಅಲ್ಲಿಯ ಒಳನಾಡಿನ ಮಳೆ ಕಡಿಮೆಯಾದ ಒಣಭೂಮಿಗಳಲ್ಲಿ ಇದು ವಿಸ್ತಾರವಾಗಿ ಹರಡಿದೆ. ಶಾಸ್ತ್ರದಲ್ಲಿ ಇದಕ್ಕೆ ಐಸೊಮೆಟ್ರಾಯ್ಡಿಸ್ ವೆಸ್ಕಸ್ ಎಂದು ಹೆಸರು. 1880ರಲ್ಲಿ ಜರ್ಮನಿಯ ಕಾರ್ಷ್ ಎಂಬ ವಿದ್ವಾಂಸರು ಇದರ ಲಕ್ಷಣಗಳನ್ನು ಮೊದಲು ಬರೆದಿಟ್ಟರು. ವೆಸ್ಕಸ್ ಎಂಬ ಲ್ಯಾಟಿನ್ ಶಬ್ದಕ್ಕೆ ಸಣಕಲು, ಬಡಕಲು ಎಂದರ್ಥ. ಹೆಸರಿಗೆ ತಕ್ಕಂತೆ ಇದು ಮೂತಿಯಿಂದ ಕೊಂಡಿಯ ತುದಿಯವರೆಗೆ ಅಳೆದರೂ ಸುಮಾರು ಎರಡು ಅಂಗುಲದಷ್ಟೇ ಇರುತ್ತದೆ. ಮೈಬಣ್ಣವು ಒಣಮಣ್ಣಿನ ಬಣ್ಣಕ್ಕೆ ಹೊಂದುವಂಥ ಹಳದಿ ಮಿಶ್ರವಾದ ಕಂದು. ಮುಂಗೈಗಳ ಇಕ್ಕುಳಗಳು ಬಹಳ ತೆಳುವು. ಬಾಲವು ಮಾತ್ರ ಬುಡದಿಂದ ತುದಿಗೆ ಹೋದಂತೆಲ್ಲಾ ದಪ್ಪನಾಗುತ್ತಾ ಹೋಗಿ, ಕೊಂಡಿಯ ಹಿಂದಿನ ಗೆಣ್ಣು ಉಬ್ಬಿಕೊಂಡಿರುತ್ತದೆ. ಇದನ್ನು ಬೇರೆ ಚೇಳುಗಳಿಂದ ಗುರುತಿಸುವುದಕ್ಕೆ ಈ ಬಾಲವೇ ಸುಲಭವಾದ ಚಿಹ್ನೆ.

ತೆಳುವಾದ ಇಕ್ಕುಳ, ದಪ್ಪನಾದ ಬಾಲ, ಇವೆರಡನ್ನೂ ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಇಕ್ಕುಳದಲ್ಲಿ ಬಲವುಳ್ಳ ಚೇಳು ಬೇಟೆಯನ್ನು ಹಿಸುಕಿಯೇ ಕೊಲ್ಲಬಲ್ಲುದು. ಇಕ್ಕುಳದಲ್ಲಿ ಬಲವಿಲ್ಲದ ಚೇಳು ವಿಷವನ್ನೇ ನಂಬಿಕೊಂಡಿರಬೇಕು. ನಮ್ಮ ಬದುಗಳಲ್ಲಿ ಬಿಲ ತೋಡಿಕೊಂಡಿರುವ ದೊಡ್ಡ ಕರಿಚೇಳು ಮೊದಲನೆಯ ಬಗೆಯದು. ಅದರ ಆಕಾರವು ಭಯಂಕರವಾದರೂ ಕುಟುಕಿನಿಂದ ಪ್ರಾಣಹಾನಿಯಾಗುವುದು ಅಪೂರ್ವ. ಕಲ್ಲಿನ ಅಡಿಯಲ್ಲಿಯೂ ಗೋಡೆಯ ಬಿರುಕಿನಲ್ಲಿಯೂ ಅಡಗಿರುವ ಕೆಂಪು ಚೇಳು ಎರಡನೆಯ ಬಗೆಯದು. ಗಾತ್ರವು ಸಣ್ಣದಾದರೂ ಲೋಕದ ಅತ್ಯಂತ ಅಪಾಯಕರವಾದ ಚೇಳುಗಳಲ್ಲಿ ಇದೂ ಒಂದು. ಈ ಕೆಂಪು ಚೇಳೂ ಆಸ್ಟ್ರೇಲಿಯಾದ ಆ ಬಡಕಲು ಚೇಳೂ ಬ್ಯೂಥಿಡೇ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಆದರೆ ಆಸ್ಟ್ರೇಲಿಯಾದ ಚೇಳುಗಳ ಕುಟುಕು ನೋವನ್ನುಂಟುಮಾಡುವುದೇ ಹೊರತು ಸಾಮಾನ್ಯವಾಗಿ ಪ್ರಾಣಾಪಾಯಕ್ಕೆ ಕಾರಣವಾಗುವುದಿಲ್ಲ.

ಚೇಳನ್ನು ಹುಳುಗಳ ಜಾತಿಗೆ ಸೇರಿಸುವುದು ವಾಡಿಕೆಯಾದರೂ ಅದು ಸರಿಯಲ್ಲ. ಕೀಟಗಳಿಗೆ ಆರು ಕಾಲು, ಚೇಳಿಗೂ ಜೇಡಕ್ಕೂ ಎಂಟು ಕಾಲು. ಚೇಳೂ ಜೇಡವೂ ದಾಯಾದಿಗಳೆಂದು ಹೇಳಿದರೆ ಸಲ್ಲುತ್ತದೆ. ಇವುಗಳಲ್ಲಿ ನಡೆಯುವ ದಾಯಾದಿ ಕಲಹವೇ ಮುಂದಿನ ವೃತ್ತಾಂತ.

ಆಹಾರವೂ ಬೇಟೆಯೂ

ಸಾಮಾನ್ಯವಾಗಿ ಚೇಳುಗಳು ಸಿಕ್ಕಿದುದನ್ನು ತಿನ್ನುವಂಥವು. ಜಿರಲೆ, ಮಿಡತೆ, ಗೆದ್ದಲು, ಜೇಡ, ಕೆಲವೊಮ್ಮೆ ಹಲ್ಲಿಯ ಮರಿ, ಯಾವುದಾದರೂ ಸರಿಯೇ. ಪ್ರಸ್ತುತ ಚೇಳಿನ ಸ್ವಭಾವವು ಹಾಗಲ್ಲ. ನೆಲದಲ್ಲಿ ಬಿಲ ತೋಡಿಕೊಂಡು ವಾಸಿಸುವ ಜೇಡಗಳೇ ಇದರ ಆಹಾರ. ಅವುಗಳಲ್ಲಿ ಮುಖ್ಯವಾದುವು ಎರಡು. ಬಿಲದ ಬಾಯಿಗೆ ಕೀಲುಗದವನ್ನು ಕಟ್ಟಿಕೊಳ್ಳುವ ಬಾಗಿಲು ಜೇಡಗಳು ಒಂದು, ಓಡಾಡಿ ಬೇಟೆಯಾಡುವ ತೋಳಜೇಡಗಳಲ್ಲಿ ಬಿಲದಲ್ಲಿರುವ ಜಾತಿಗಳು ಮತ್ತೊಂದು.

ಈ ಚೇಳು ತಾನಾಗಿ ಬಿಲವನ್ನು ತೋಡುವುದಿಲ್ಲ. ರಾತ್ರಿ ಹೊರಟು ನೆಲದ ಮೇಲೆ ಅಲೆದಾಡುತ್ತಾ ಜೇಡವಿರುವ ಬಿಲವನ್ನು ಹೊಕ್ಕು, ಯಜಮಾನನನ್ನು ಅವನ ಮನೆಯಲ್ಲಿಯೇ ಕೊಂದು ತಿಂದು, ಆ ಮನೆಯಲ್ಲಿಯೇ ತಂಗುತ್ತದೆ. ಒಂದೇ ಬೇಟೆಯಿಂದ ಅನ್ನವೂ ಆಯಿತು, ಆಶ್ರಯವೂ ಆಯಿತು. ಬಿಲವನ್ನು ಅಗೆದು ನೋಡಿದ ಪ್ರಕೃತಿಶಾಸ್ತ್ರಜ್ಞರಿಗೆ ಜೇಡಕ್ಕೆ ಬದಲಾಗಿ ಈ ಚೇಳೇ ದೊರೆತಿರುವುದುಂಟು. ಪಶ್ಚಿಮ ಆಸ್ಟ್ರೇಲಿಯಾದ ಬಾರ್ಬರಾ ಯಾರ್ಕ್ ಮೇನ್ ಎಂಬ ವಿದುಷಿಯು ಈ ಚೇಳುಗಳ ವರ್ಗೀಕರಣವನ್ನೂ ಜೀವನಕ್ರಮವನ್ನೂ ಪರಿಶೀಲಿಸಿ 1956ರಲ್ಲಿ ಲೇಖನವನ್ನು ಪ್ರಕಟಿಸಿದರು. ಈಕೆಯ ವಿಷಯವು ಮುಂದೆ ಪುನಃ ಬರುವುದು.

ಇಂಥ ಕತ್ತಲೆಯ ಬೇಟೆಗೆ ಚೇಳಿನ ಅಂಗರಚನೆಯು ಅನುಕೂಲವಾಗಿದೆ. ಚೇಳಿಗೆ ಹಲವು ಕಣ್ಣುಗಳಿದ್ದರೂ ದೃಷ್ಟಿಯು ಮಂದ. ಆದರೆ ಕಾಲುಗಳಲ್ಲಿರುವ ಸೂಕ್ಷ್ಮ ಇಂದ್ರಿಯಗಳಿಂದ ನೆಲದ ಸ್ವಲ್ಪ ಅದುರುವಿಕೆಯನ್ನೂ ಅದು ಗ್ರಹಿಸಬಲ್ಲುದು. ಹೊಟ್ಟೆಯ ಕೆಳಗಡೆ ಬಾಚಣಿಗೆಯಂಥ ಎರಡು ಅವಯವಗಳುಂಟು. ನಡೆಯುವಾಗ ಇವು ನೆಲವನ್ನು ಸವರಿಕೊಂಡು ಹೋಗಿ ವಾಸನೆಯನ್ನೂ ನೆಲದ ಗುಣವನ್ನೂ ತಿಳಿಸುತ್ತವೆ. ಹಿಡಿದ ಬೇಟೆಯನ್ನು ಚೇಳು ನುಂಗುವುದಿಲ್ಲ. ಜೀರ್ಣರಸವನ್ನು ಅದರ ಮೇಲೆ ಬಿಟ್ಟು, ದ್ರವವಾದ ಭಾಗವನ್ನು ಹೀರಿ, ತೊಗಟೆಯನ್ನು ಬಿಟ್ಟುಬಿಡುತ್ತದೆ. ಒಮ್ಮೆ ಹೊಟ್ಟೆ ತುಂಬಿದರೆ ಅನೇಕ ವಾರಗಳವರೆಗೆ ಉಪವಾಸವಿರಬಲ್ಲುದಾದ್ದರಿಂದ, ಮನೆಯಿಂದ ಮನೆಗೆ ಅಲೆದು ಬಾಳುವ ಈ ವೃತ್ತಿಯು ಅದಕ್ಕೆ ಕಷ್ಟವಾಗಿ ಕಾಣುವುದಿಲ್ಲ. ಎಲ್ಲಾ ಚೇಳುಗಳಂತೆ ಇದೂ ಮೊಟ್ಟೆಯಿಡದೆ ಮರಿಗಳನ್ನೇ ಹಾಕಿ, ಅವು ಮೊದಲನೆಯ ಪೊರೆಯನ್ನು ಕಳಚುವವರೆಗೆ ಬೆನ್ನ ಮೇಲೆ ಹೊತ್ತುಕೊಂಡಿರುತ್ತದೆ.

ಜೇಡದ ಕೋಟೆ

ಜೇಡವು ಸುಲಭವಾಗಿ ಬಲಿಯಾಗುವುದೆಂದು ಭಾವಿಸಬಾರದು. ಬಾಗಿಲು ಜೇಡದ ಬಿಲವು ಒಳಗೆಲ್ಲಾ ರೇಷ್ಮೆಯಂಥ ನೂಲಿನಿಂದ ಗಿಲಾವು ಮಾಡಿದ ಕೊಳವೆ. ಅದರ ಬಾಯಿಗೆ ನೂಲನ್ನೂ ಮಣ್ಣನ್ನೂ ಸೇರಿಸಿ ಮಾಡಿದ ಕದ, ಕದಕ್ಕೆ ನೂಲಿನದೇ ಕೀಲು. ಮುಚ್ಚಿದಾಗ ಸುತ್ತಲಿನ ನೆಲಕ್ಕೂ ಇದಕ್ಕೂ ಭೇದವು ತೋರುವುದಿಲ್ಲ. ರಾತ್ರಿ ಜೇಡವು ಕದವನ್ನು ಕೂದಲೆಳೆಯಷ್ಟು ತೆರೆದು ಮುಂಗಾಲುಗಳನ್ನು ಅಂಚಿಗೆ ಕೊಟ್ಟು ಕಾದಿದ್ದು, ಇರುವೆಯೋ ಜೀರುಂಡೆಯೋ ಸಮೀಪಿಸಿದರೆ ಥಟ್ಟನೆ ಹಿಡಿದು ಒಳಕ್ಕೆ ಎಳೆದುಕೊಳ್ಳುತ್ತದೆ. ಕೆಲವು ಜಾತಿಗಳು ಬಾಗಿಲಿನ ಸುತ್ತ ಕಡ್ಡಿಗಳನ್ನು ಚಕ್ರದ ಅರೆಕಾಲುಗಳಂತೆ ಜೋಡಿಸಿಡುವುವು. ದೂರದ ಕಡ್ಡಿಯನ್ನು ಹುಳುವೊಂದು ತುಳಿದರೂ ಸುದ್ದಿಯು ಒಳಗಿರುವ ಜೇಡಕ್ಕೆ ಮುಟ್ಟುತ್ತದೆ.

ಒಳನುಗ್ಗುವ ಶತ್ರುವನ್ನು ತಡೆಯುವುದಕ್ಕೆ ಇನ್ನೂ ಆಶ್ಚರ್ಯಕರವಾದ ಉಪಾಯಗಳುಂಟು. ಪಶ್ಚಿಮ ಆಸ್ಟ್ರೇಲಿಯಾದ ಗೈಯಸ್ ವಿಲ್ಲೋಸಸ್ ಎಂಬ ಬಾಗಿಲು ಜೇಡವು ಬಿಲದೊಳಗೆ ನೂಲಿನ ಒಳಚೀಲವೊಂದನ್ನು ನೇಯ್ದು, ತಿಂದುಳಿದ ಕಸವನ್ನು ಆ ಚೀಲದ ಹಿಂದೆ ತುಂಬಿಡುತ್ತದೆ. ಶತ್ರುವು ಒಳಕ್ಕೆ ಬಂದಾಗ ಜೇಡವು ತಳಕ್ಕೆ ಇಳಿದು ಚೀಲವನ್ನು ಕೆಳಕ್ಕೆ ಎಳೆಯುವುದು. ಆಗ ಚೀಲವು ಕುಸಿದು ಬಿಲವು ನಡುವೆ ಮುಚ್ಚಿಹೋಗಿ, ಬಂದವನಿಗೆ ಬಿಲವು ಅಲ್ಲಿಗೇ ಮುಗಿದಂತೆ ತೋರುತ್ತದೆ. ದಕ್ಷಿಣ ಆಸ್ಟ್ರೇಲಿಯಾದ ಸ್ಟಾನ್‌ವೆಲ್ಲಿಯಾ ಜಾತಿಯ ಜೇಡವೊಂದು ಬಿಲದ ಒಳಗೋಡೆಗೆ ಗುಂಡಾದ ಬೆಣಚುಕಲ್ಲೊಂದನ್ನು ನೂಲಿನಿಂದ ಅಂಟಿಸಿಟ್ಟುಕೊಂಡಿರುವುದು. ಅಪಾಯ ಒದಗಿದಾಗ ನೂಲಿನ ಗೋಡೆಯನ್ನು ಎಳೆದರೆ ಕಲ್ಲು ಉರುಳಿಬಿದ್ದು ದಾರಿಗೆ ಬಿರಡೆಯಾಗುತ್ತದೆ. ನಮ್ಮ ಹಳೆಯ ಕೋಟೆಗಳಲ್ಲಿ ಹೆಬ್ಬಾಗಿಲ ಹಿಂದೆ ಮತ್ತೊಂದು ಬಾಗಿಲನ್ನು ಇಟ್ಟವರ ಬುದ್ಧಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಚೇಳು ಗೆಲ್ಲುವುದೂ ಉಂಟು, ಜೇಡ ಉಳಿಯುವುದೂ ಉಂಟು. ಎರಡೂ ಒಂದೇ ನೆಲದಲ್ಲಿ ತಲತಲಾಂತರದಿಂದ ಬಾಳಿಕೊಂಡು ಬಂದಿವೆ. ತೋಳಗಳ ಸಂಖ್ಯೆಯು ಕುರಿಗಳ ಸಂಖ್ಯೆಯನ್ನು ಮೀರುವುದು ಹೇಗೆ ಸಾಧ್ಯವಿಲ್ಲವೋ ಹಾಗೆಯೇ ಈ ಚೇಳುಗಳು ಜೇಡಗಳನ್ನು ನಿರ್ಮೂಲ ಮಾಡುವಷ್ಟು ಹೆಚ್ಚಲಾರವು. ಜೇಡ ಮುಗಿದರೆ ಚೇಳಿಗೆ ಆಹಾರವೂ ಇಲ್ಲ, ಮನೆಯೂ ಇಲ್ಲ.

ಮಿತ್ರನೋ ಶತ್ರುವೋ?

ಈಗ ಆ ಪ್ರಶ್ನೆಯನ್ನು ಇಲ್ಲಿ ಹಾಕಿ ನೋಡೋಣ. ಜೇಡವು ಬೆಳೆಯನ್ನು ತಿನ್ನುವ ಹುಳುಗಳನ್ನೂ ತಿನ್ನುತ್ತದೆ. ಆದಕಾರಣ ಜೇಡವು ರೈತನ ಮಿತ್ರನೆಂದಾಯಿತು. ಮಿತ್ರನನ್ನು ಕೊಲ್ಲುವ ಚೇಳು ಶತ್ರುವಾಗಬೇಕು. ಆದರೆ ಜೇಡವು ಹುಳುವನ್ನು ಹಿಡಿಯುವಾಗ ಇದು ಬೆಳೆಗೆ ಹಾನಿಮಾಡುವುದು, ಇದು ಹೂವಿಗೆ ಉಪಕಾರಮಾಡುವುದು ಎಂದು ಆರಿಸುವುದಿಲ್ಲ. ಹಾಗಾದರೆ ಜೇಡವು ಅರ್ಧ ಮಿತ್ರ, ಅರ್ಧ ಶತ್ರುವಾಗಬೇಕು, ಅದನ್ನು ತಿನ್ನುವ ಚೇಳು ಮತ್ತೇನೋ ಆಗಬೇಕು. ಹೀಗೆ ಲೆಕ್ಕವನ್ನು ಎಷ್ಟು ದೂರ ಬೆಳೆಸಿದರೂ ಜಮಾಖರ್ಚು ತಾಳೆಯಾಗುವುದಿಲ್ಲ. ತಪ್ಪಿರುವುದು ಪ್ರಶ್ನೆಯಲ್ಲಿಯೇ. ಒಂದೊಂದು ಜಂತುವನ್ನೂ ಬೇರೆ ಬೇರೆಯಾಗಿ ಹಿಡಿದು ವಿಚಾರಣೆ ಮಾಡುವುದಕ್ಕಿಂತ, ಅವೆಲ್ಲವೂ ಸೇರಿ ಬಾಳುವ ನೆಲವು ಉಳಿದಿದೆಯೇ ಎಂದು ನೋಡುವುದು ಮೊದಲನೆಯ ಕರ್ತವ್ಯ. ಆ ನೆಲವನ್ನು ಕಳೆದುಕೊಂಡ ದೇಶಕ್ಕೆ ಏನಾಯಿತೆಂಬುದನ್ನು ಇದೇ ಚೇಳಿನ ಸೀಮೆಯಿಂದಲೇ ತಿಳಿಯಬಹುದು.

ಗೋಧಿಯ ಸೀಮೆಯ ವೃತ್ತಾಂತ

ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ನಗರದಿಂದ ಪೂರ್ವಕ್ಕೆ ವಿಸ್ತಾರವಾದ ಗೋಧಿಯ ಪ್ರಾಂತವುಂಟು. ಪರ್ತಿನಿಂದ ಸುಮಾರು 180 ಕಿಲೋಮೀಟರು ದೂರದಲ್ಲಿರುವ ಟ್ಯಾಮಿನ್ ಎಂಬ ಊರು ಈ ಪ್ರಾಂತದೊಳಗಿನದು. ಇಲ್ಲಿ ಬೀಳುವ ಮಳೆಯು ನಮ್ಮ ಚಳ್ಳಕೆರೆಯ ಸೀಮೆಗಿಂತಲೂ ಕಡಿಮೆ. ಮೇಲೆ ಹೇಳಿದ ಬಾರ್ಬರಾ ಯಾರ್ಕ್ ಮೇನ್ 1929ರಲ್ಲಿ ಈ ಪ್ರಾಂತದಲ್ಲಿ ಜನಿಸಿ, ಗೋಧಿಯ ಹೊಲದ ಮನೆಯಲ್ಲಿಯೇ ಬೆಳೆದವರು. 2019ರಲ್ಲಿ ಕಾಲವಾದ ಈಕೆಯು ತನ್ನ ಆಯುಷ್ಯವನ್ನೆಲ್ಲಾ ಬಿಲದ ಜೇಡಗಳ ಅಧ್ಯಯನಕ್ಕೆ ಮೀಸಲಿಟ್ಟರು.

ಈಕೆಯ ಕಣ್ಣೆದುರಿನಲ್ಲಿಯೇ ಆ ಪ್ರಾಂತದ ಕಾಡೂ ಕುರುಚಲೂ ಹೊಲವಾದುವು. 1950ರ ಮತ್ತು 1960ರ ದಶಕಗಳಲ್ಲಿ ಅಲ್ಲಿಯ ಸರ್ಕಾರವು ವರ್ಷಕ್ಕೆ 10 ಲಕ್ಷ ಎಕರೆಯಂತೆ ಹೊಸ ಭೂಮಿಯನ್ನು ಸಾಗುವಳಿಗೆ ತರಬೇಕೆಂದು ಘೋಷಿಸಿದ್ದಿತು. ನಡುವಣ ಸೀಮೆಯಲ್ಲಿ ಮೂಲದ ಗಿಡಮರಗಳು ನೂರಕ್ಕೆ ಹತ್ತರಷ್ಟೂ ಉಳಿಯದ ಸ್ಥಳಗಳಾದುವು. ಹೊಲಗಳ ನಡುವೆ ಅಲ್ಲಲ್ಲಿ ತುಂಡು ನೆಲಗಳು ಮಾತ್ರ ಕಾದಿಟ್ಟ ಪ್ರದೇಶಗಳಾಗಿ ನಿಂತುವು.

ಅಂಥ ತುಂಡು ನೆಲಗಳಲ್ಲೊಂದಾದ ನಾರ್ತ್ ಬಂಗುಲ್ಲಾ ಎಂಬಲ್ಲಿ ಮೇನ್ 1974ರಿಂದ ಬಾಗಿಲು ಜೇಡದ ಒಂದೊಂದು ಬಿಲಕ್ಕೂ ಗೂಟ ನೆಟ್ಟು, ನಂಬರು ಕೊಟ್ಟು, ವರ್ಷವರ್ಷವೂ ಹೋಗಿ ಪರೀಕ್ಷಿಸುತ್ತಾ ಬಂದರು. ಅವುಗಳಲ್ಲಿ 16ನೆಯ ನಂಬರಿನ ಹೆಣ್ಣು ಜೇಡವು ತಾನು ಮರಿಯಾಗಿದ್ದಾಗ ತೋಡಿದ ಅದೇ ಬಿಲದಲ್ಲಿ 43 ವರ್ಷ ಬಾಳಿತು. ಲೋಕದಲ್ಲಿ ತಿಳಿದುಬಂದಿರುವ ಜೇಡಗಳಲ್ಲಿ ಇದೇ ಅತ್ಯಂತ ದೀರ್ಘಾಯುವೆಂದು 2018ರಲ್ಲಿ ಪ್ರಕಟವಾಯಿತು. 2016ರ ಅಕ್ಟೋಬರಿನಲ್ಲಿ ಹೋಗಿ ನೋಡಿದಾಗ ಬಿಲದ ಕದಕ್ಕೆ ಸಣ್ಣದೊಂದು ತೂತು ಬಿದ್ದಿದ್ದು, ಪರೋಪಜೀವಿಯಾದ ಕಣಜವೊಂದು ಅದನ್ನು ಕೊಂದಿರಬೇಕೆಂದು ಗೊತ್ತಾಯಿತು.

ನಲವತ್ತುಮೂರು ವರ್ಷವೆಂದರೆ ಒಬ್ಬ ಬೇಸಾಯಗಾರನು ನೇಗಿಲು ಹಿಡಿದ ದಿನದಿಂದ ಮಗನ ಕೈಗೆ ಕೊಡುವವರೆಗಿನ ಕಾಲ. ಹೆಣ್ಣು ಜೇಡವು ಹುಟ್ಟಿದಲ್ಲಿಂದ ಹೆಚ್ಚು ದೂರ ಹೋಗುವುದಿಲ್ಲ. ಮರಿಗಳೂ ತಾಯಿಯ ಬಿಲದ ಆಸುಪಾಸಿನಲ್ಲಿಯೇ ಬಿಲ ತೋಡುತ್ತವೆ. ಬಿಲವು ಒಮ್ಮೆ ಹಾಳಾದರೆ ವಯಸ್ಸಾದ ಜೇಡವು ಹೊಸದನ್ನು ಮಾಡಿಕೊಳ್ಳುವುದು ಕಷ್ಟ. ಆದ್ದರಿಂದ ನೇಗಿಲು ಒಂದು ಸಾರಿ ಹಾದುಹೋದ ನೆಲಕ್ಕೆ ಈ ಜೇಡಗಳು ಪುನಃ ಬರಬೇಕಾದರೆ ಒಂದು ತಲೆಮಾರೂ ಸಾಲದು. ಜೇಡವಿಲ್ಲದೆಡೆಯಲ್ಲಿ ಅದನ್ನೇ ನಂಬಿದ ಸಣ್ಣ ಚೇಳಿಗೂ ಸ್ಥಳವಿಲ್ಲ. ಚೇಳು ಯುಗಯುಗಗಳಿಂದ ಮಾಡಲಾರದ ಕೆಲಸವನ್ನು ನೇಗಿಲು ಒಂದು ಬೆಳಗಿನಲ್ಲಿ ಮಾಡುತ್ತದೆ.

"ಜೇಡವೂ ಚೇಳೂ ಹೋದರೆ ಹೋಗಲಿ, ಗೋಧಿ ಬಂದಿತಷ್ಟೆ" ಎಂದು ಯಾರಾದರೂ ಹೇಳಬಹುದು. ಆದರೆ ಹೋದದ್ದು ಅವೆರಡೇ ಅಲ್ಲ. ಆಳಕ್ಕೆ ಬೇರುಬಿಟ್ಟ ಗಿಡಮರಗಳನ್ನು ತೆಗೆದುಹಾಕಿದ್ದರಿಂದ ಅವು ಹೀರುತ್ತಿದ್ದ ನೀರು ನೆಲದಲ್ಲಿಯೇ ನಿಂತು, ಅಂತರ್ಜಲವು ಮೇಲೇರಿ, ಆಳದಲ್ಲಿದ್ದ ಉಪ್ಪನ್ನು ಮೇಲಕ್ಕೆ ತಂದಿತು. ರೈಲ್ವೆ ಎಂಜಿನಿಯರರಾದ ಡಬ್ಲ್ಯು. ಇ. ವುಡ್ ಎಂಬವರು ಗಿಡಮರಗಳ ನಾಶಕ್ಕೂ ಮಣ್ಣು ಮತ್ತು ಹೊಳೆಗಳು ಉಪ್ಪಾಗುವುದಕ್ಕೂ ಇರುವ ಸಂಬಂಧವನ್ನು 1924ರಲ್ಲಿಯೇ ಬರೆದು ತಿಳಿಸಿದ್ದರು. ಆ ಮಾತನ್ನು ಕೇಳಿದವರು ಕಡಿಮೆ. ಆಮೇಲೆ ಆ ಪ್ರಾಂತದಲ್ಲಿ 10 ಲಕ್ಷ ಹೆಕ್ಟೇರಿಗೂ ಮೇಲ್ಪಟ್ಟ ಭೂಮಿಯು ಉಪ್ಪಿನಿಂದ ಕೆಟ್ಟಿತು. ತುಂಗಭದ್ರಾ ಮತ್ತು ಕೃಷ್ಣಾ ಕಾಲುವೆಗಳ ಕೆಳಗೆ ಸವಳು ಜವಳಿನಿಂದ ಕೆಟ್ಟ ಗದ್ದೆಗಳನ್ನು ಕಂಡವರಿಗೆ, ಕಾರಣವು ಬೇರೆಯಾದರೂ, ಉಪ್ಪು ಮೇಲೇರಿದ ನೆಲದ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ. ಬಿಲದ ಜೇಡವೂ ಅದರ ಚೇಳೂ ಇರುವ ತುಂಡು ನೆಲವೆಂದರೆ, ನೀರು ತನ್ನ ಸ್ಥಾನದಲ್ಲಿಯೂ ಉಪ್ಪು ತನ್ನ ಸ್ಥಾನದಲ್ಲಿಯೂ ಉಳಿದಿರುವ ನೆಲವೆಂದು ತಿಳಿಯಬೇಕು.

ನಮ್ಮ ಬದುಗಳು ಮತ್ತು ನನ್ನ ಒಂದು ತಪ್ಪು

ನಮ್ಮ ಸೀಮೆಯಲ್ಲಿ ಅಷ್ಟು ದೊಡ್ಡ ಹೊಲಗಳಿಲ್ಲ. ನೇಗಿಲು ಮುಟ್ಟದ ನೆಲವೆಂದರೆ ನಮಗೆ ಬದು, ಗೋಮಾಳ, ಕಲ್ಲುಗುಡ್ಡೆ, ಕೆರೆಯ ಅಂಗಳದ ಅಂಚು, ದೇವರಕಾಡು ಇಷ್ಟೆ. ಬೆಳಗಿನ ಇಬ್ಬನಿಯಲ್ಲಿ ಬದುವಿನ ಹುಲ್ಲಿನ ಮೇಲೆ ಆಲಿಕೆಯಂತೆ ಹರಡಿರುವ ಬಲೆಗಳನ್ನು ಎಲ್ಲರೂ ನೋಡಿರುವರು. ಆ ಆಲಿಕೆಯ ಕೊಳವೆಯೊಳಗೆ ಅಡಗಿರುವುದು ತೋಳಜೇಡಗಳ ವಂಶದ್ದೇ. ಭತ್ತದ ಗದ್ದೆಯಲ್ಲಿ ಬಲೆಯಿಲ್ಲದೆ ಓಡಾಡುವ ತೋಳಜೇಡವು ಕಂದು ಜಿಗಿಹುಳುವಿನ ಪರಮಶತ್ರು. ಇಂಡೊನೇಷಿಯಾ ದೇಶದಲ್ಲಿ ಔಷಧಿಯನ್ನು ವಿವೇಚನೆಯಿಲ್ಲದೆ ಸಿಂಪಡಿಸಿ ಜೇಡಗಳನ್ನು ಕಳೆದುಕೊಂಡ ಮೇಲೆ ಜಿಗಿಹುಳುವಿನ ಹಾವಳಿಯು ಕಡಿಮೆಯಾಗುವುದಕ್ಕೆ ಬದಲು ಹೆಚ್ಚಿತು. 1986ರಲ್ಲಿ ಅಲ್ಲಿಯ ಸರ್ಕಾರವು 57 ಬಗೆಯ ಕೀಟನಾಶಕಗಳನ್ನು ಭತ್ತಕ್ಕೆ ಹಾಕಕೂಡದೆಂದು ಆಜ್ಞೆ ಹೊರಡಿಸಬೇಕಾಯಿತು.

ಇಷ್ಟನ್ನು ಬರೆಯುವ ನಾನೇ ನೌಕರಿಗೆ ಸೇರಿದ ಹೊಸದರಲ್ಲಿ ಒಂದು ತಪ್ಪನ್ನು ಮಾಡಿದವನು. ಒಂದು ಗ್ರಾಮದಲ್ಲಿ ಹಿಡುವಳಿದಾರರೊಬ್ಬರ ಹೊಲದ ನಡುವೆ ಅಗಲವಾದ ಹಳೆಯ ಕಲ್ಲುಬದುವೊಂದಿದ್ದಿತು. ಹೊಂಗೆಯ ಮೋಟುಗಳೂ ಹುಲ್ಲೂ ಬೆಳೆದು ಅದು ಇಲಿ, ಜೇಡ, ಚೇಳುಗಳ ಮನೆಯಾಗಿದ್ದಿತು. "ಇಷ್ಟು ನೆಲವು ವ್ಯರ್ಥವಾಗಿದೆ, ಬದುವನ್ನು ಕಿತ್ತು ಸಣ್ಣದು ಮಾಡಿ, ಹುಲ್ಲನ್ನು ಸುಟ್ಟುಬಿಡಿ" ಎಂದು ನಾನು ಸಲಹೆಯಿತ್ತೆ. ಯಜಮಾನರು ವಯಸ್ಸಾದವರು. "ನಮ್ಮ ತಾತ ಹಾಕಿದ ಬದು ಸ್ವಾಮಿ, ಸುಮ್ಮನೆ ಹಾಕಿರಲಾರರು" ಎಂದರು. ಆದರೂ ಓದಿದವನ ಮಾತನ್ನು ತೆಗೆದುಹಾಕಬಾರದೆಂದು ಮರುದಿನವೇ ಆಳುಗಳನ್ನು ಕರೆದರು.

ಕಲ್ಲುಗಳನ್ನು ಬರಿಗೈಯಿಂದ ಎತ್ತುತ್ತಿದ್ದ ಹೆಣ್ಣಾಳೊಬ್ಬಳಿಗೆ ಕೆಂಪು ಚೇಳು ಕುಟುಕಿತು. ಅವಳನ್ನು ಮಂತ್ರ ಹಾಕುವವರ ಬಳಿಗೆ ಕರೆದೊಯ್ದು ಮೂರು ಗಂಟೆಯ ಹೊತ್ತನ್ನು ಕಳೆದರು. ಅಷ್ಟರಲ್ಲಿ ಮೈಯೆಲ್ಲಾ ಬೆವತು, ಕೈಕಾಲು ತಣ್ಣಗಾಗಿ, ವಾಂತಿಯಾಗಿ, ಉಸಿರಾಡುವುದಕ್ಕೆ ಕಷ್ಟವಾಗತೊಡಗಿತು. ಆಮೇಲೆ ತಾಲ್ಲೂಕಿನ ಆಸ್ಪತ್ರೆಗೆ ಸೇರಿಸಿದರು. ದೈವಕೃಪೆಯಿಂದಲೂ ವೈದ್ಯರ ಪ್ರಯತ್ನದಿಂದಲೂ ಅವಳು ಉಳಿದಳು. ಆದರೆ ಆ ಎರಡು ರಾತ್ರಿ ಆಸ್ಪತ್ರೆಯ ಜಗುಲಿಯಲ್ಲಿ ಅವಳ ಇಬ್ಬರು ಮಕ್ಕಳ ಸಂಗಡ ಕುಳಿತಿದ್ದುದನ್ನು ನಾನು ಮರೆತಿಲ್ಲ. ಅದೇ ವರ್ಷ ಹಿಂಗಾರಿನ ದೊಡ್ಡ ಮಳೆಗೆ, ಸಣ್ಣದಾದ ಬದು ಒಡೆದು, ಕೆಳಗಿನ ಹೊಲದ ರಾಗಿಯ ಮೇಲೆ ಮರಳು ಹಾಸಿಹೋಯಿತು. ಯಜಮಾನರು ನನ್ನನ್ನು ಒಂದು ಮಾತನ್ನೂ ಆಡಲಿಲ್ಲ. ಬೇಸಿಗೆಯಲ್ಲಿ ಬದುವನ್ನು ಮೊದಲಿನ ಅಗಲಕ್ಕೆ ಪುನಃ ಹಾಕಿಸಿದರು.

ಬದುವಿನಲ್ಲಿದ್ದಾಗ ಆ ಚೇಳು ಯಾರಿಗೂ ಕೇಡು ಮಾಡಿರಲಿಲ್ಲ. ಅದರ ಮನೆಗೆ ನಾವು ಎಚ್ಚರಿಕೆಯಿಲ್ಲದೆ ಕೈಹಾಕಿದೆವು. ಮನೆಯ ಚೇಳು ಬೇರೆ, ಬದುವಿನ ಚೇಳು ಬೇರೆ. ಮನೆಯೊಳಕ್ಕೆ ಬಂದುದನ್ನು ನಿವಾರಿಸಲೇಬೇಕು. ಬದುವಿನಲ್ಲಿರುವುದನ್ನು ಅದರ ಕೆಲಸಕ್ಕೆ ಬಿಡಬೇಕು. ಮಿತ್ರನೋ ಶತ್ರುವೋ ಎಂಬ ಪ್ರಶ್ನೆಗೆ ಜಂತುವಿಗಿಂತ ಸ್ಥಳವೇ ಹೆಚ್ಚು ಸರಿಯಾದ ಉತ್ತರವನ್ನು ಕೊಡುತ್ತದೆ.

ಕೈಕೊಳ್ಳತಕ್ಕ ಕ್ರಮಗಳು

(1) ಹಳೆಯ ಬದುಗಳನ್ನು ವರ್ಷವರ್ಷವೂ ಕೆತ್ತಿ ಸಣ್ಣದು ಮಾಡಕೂಡದು, ಬದುವಿನ ಹುಲ್ಲಿಗೆ ಬೆಂಕಿಯಿಡಕೂಡದು. ಹುಲ್ಲನ್ನು ಕೊಯ್ದು ದನಕ್ಕೆ ಹಾಕಬಹುದು. ಬೇರು ನೆಲದಲ್ಲಿದ್ದರೆ ಬದುವೂ ನಿಲ್ಲುತ್ತದೆ, ಬಿಲಗಳೂ ಉಳಿಯುತ್ತವೆ.

(2) ಪ್ರತಿ ಹಿಡುವಳಿಯಲ್ಲಿಯೂ ಉಳುಮೆಗೆ ಬಾರದ ಒಂದು ಮೂಲೆಯನ್ನು ಹಾಗೆಯೇ ಬಿಡುವುದು ಒಳ್ಳೆಯದು. ಗೋಮಾಳವನ್ನೂ ದೇವರಕಾಡನ್ನೂ ಒತ್ತುವರಿಯಿಂದ ಕಾಪಾಡುವುದು ಗ್ರಾಮದ ಪ್ರಮುಖರ ಹೊಣೆ.

(3) ಔಷಧಿಯನ್ನು ಸಿಂಪಡಿಸುವ ಮೊದಲು ಹುಳುಗಳನ್ನೂ ಜೇಡಗಳನ್ನೂ ಎರಡನ್ನೂ ಎಣಿಸಿ ನೋಡತಕ್ಕದ್ದು. ಬೆಳೆಗೆ ಹಾಕುವ ಔಷಧಿಯನ್ನು ಬದುವಿನ ಮೇಲೆ ಚೆಲ್ಲಬಾರದು.

(4) ಮನೆಯ ಗೋಡೆಗೆ ಒತ್ತಿದಂತೆ ಕಲ್ಲು, ಇಟ್ಟಿಗೆ, ಸೌದೆ, ಬೆರಣಿಗಳನ್ನು ರಾಶಿ ಹಾಕಬಾರದು. ಗೋಡೆಯ ಬಿರುಕುಗಳನ್ನು ಮುಚ್ಚಿಸಬೇಕು. ಮಕ್ಕಳನ್ನು ನೆಲದ ಮೇಲೆ ಮಲಗಿಸದೆ ಮಂಚದ ಮೇಲೆ ಮಲಗಿಸುವುದು ಕ್ಷೇಮ. ಬಟ್ಟೆಯನ್ನೂ ಪಾದರಕ್ಷೆಯನ್ನೂ ಕೊಡವಿ ಹಾಕಿಕೊಳ್ಳತಕ್ಕದ್ದು.

(5) ನೇರಿಳಾತೀತ ಕಿರಣವನ್ನು ಬಿಡುವ ಸಣ್ಣ ಟಾರ್ಚಿನ ಬೆಳಕಿನಲ್ಲಿ ಚೇಳುಗಳು ಹಸುರು ಮಿಶ್ರವಾದ ನೀಲಿಯ ಬಣ್ಣದಿಂದ ಹೊಳೆಯುತ್ತವೆ. ಕತ್ತಲೆಯ ರಾತ್ರಿಯಲ್ಲಿ ಮನೆಯ ಮತ್ತು ಕೊಟ್ಟಿಗೆಯ ಸುತ್ತ ಹೀಗೆ ಪರೀಕ್ಷಿಸಿದರೆ ಒಳಗೆ ಸೇರಿರುವುವನ್ನು ಕಂಡುಹಿಡಿಯಬಹುದು.

(6) ಕಲ್ಲು ಕೀಳುವ ಕೆಲಸದಲ್ಲಿ ಆಳುಗಳಿಗೆ ಹಾರೆಯನ್ನೂ ಪಾದರಕ್ಷೆಯನ್ನೂ ಕೊಡಬೇಕು. ಕಲ್ಲಿನ ಅಡಿಗೆ ಬರಿಗೈಯನ್ನು ತೂರಿಸಲು ಬಿಡಬಾರದು. ಇದು ಕೆಲಸ ಮಾಡಿಸುವವರ ಜವಾಬ್ದಾರಿ.

(7) ಕುಟುಕಿದರೆ ಕಟ್ಟು ಬಿಗಿಯುವುದು, ಕುಯ್ಯುವುದು, ಸುಡುವುದು, ಬಾಯಿಂದ ಹೀರುವುದು ಯಾವುದನ್ನೂ ಮಾಡತಕ್ಕದ್ದಲ್ಲ. ಒಡನೆಯೇ ಆಸ್ಪತ್ರೆಗೆ ಸೇರಿಸಬೇಕು. ಮಕ್ಕಳಿಗೆ ಅಪಾಯವು ಹೆಚ್ಚು. ಬೆವರು, ವಾಂತಿ, ತಣ್ಣಗಾದ ಕೈಕಾಲುಗಳು ಕಂಡುಬಂದರೆ ವಿಷವು ಹೃದಯಕ್ಕೆ ತೊಂದರೆಯನ್ನು ಮಾಡುತ್ತಿದೆಯೆಂದು ತಿಳಿಯಬೇಕು. ಮಹಾರಾಷ್ಟ್ರದ ಕೊಂಕಣಸೀಮೆಯ ಮಹಾಡಿನಲ್ಲಿ ವೈದ್ಯರಾಗಿರುವ ಹಿಮ್ಮತರಾವ್ ಬಾವಸ್ಕರರು 1980ರ ದಶಕದಲ್ಲಿ ಪ್ರಾಜೋಸಿನ್ ಎಂಬ ಔಷಧಿಯು ಕೆಂಪು ಚೇಳಿನ ವಿಷದ ಪರಿಣಾಮವನ್ನು ತಡೆಯುವುದೆಂದು ತೋರಿಸಿಕೊಟ್ಟರು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯು ದೊರೆಯಿತು. ಈ ಔಷಧಿಯನ್ನೂ ಪ್ರತಿವಿಷವನ್ನೂ ವೈದ್ಯರೇ ಕೊಡತಕ್ಕದ್ದು. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇವು ದೊರೆಯುತ್ತವೆಂಬುದನ್ನೂ, ರಾತ್ರಿಯ ವೇಳೆಯಲ್ಲಿ ಯಾರ ವಾಹನವು ಸಿಕ್ಕುತ್ತದೆಂಬುದನ್ನೂ ಪ್ರಮುಖರು ಮುಂಚಿತವಾಗಿಯೇ ವಿಚಾರಿಸಿ ಗ್ರಾಮದಲ್ಲಿ ತಿಳಿಯಪಡಿಸಿರಬೇಕು.

ಬೇಸಿಗೆಯ ಕೊನೆಯಲ್ಲಿ ಬದುಗಳ ಕೆಲಸವು ಪ್ರಾರಂಭವಾಗುತ್ತದೆ. ಗುದ್ದಲಿಯನ್ನು ಎತ್ತುವ ಮೊದಲು ಹಿಡುವಳಿದಾರರು ತಮ್ಮ ಬದುವಿನ ಮೇಲೆ ಒಮ್ಮೆ ನಿಧಾನವಾಗಿ ನಡೆದುಹೋಗಿ, ಅಲ್ಲಿ ಎಷ್ಟು ಬಿಲಗಳಿವೆ, ಯಾವ ಬಿಲಕ್ಕೆ ನೂಲಿನ ಅಂಚಿದೆ, ಯಾವ ಕಲ್ಲಿನ ಅಡಿಯಲ್ಲಿ ಯಾರು ಒಕ್ಕಲಿರುವರೆಂದು ನೋಡಬೇಕೆಂದು ಪ್ರಾರ್ಥಿಸುತ್ತೇನೆ. ಹಾಗೆ ನೋಡಿ ಬಂದವರು ನನ್ನಂತೆ ಅವಸರದ ಸಲಹೆಯನ್ನು ಕೊಡಲಾರರು, ಅಂಥ ಸಲಹೆಯನ್ನು ಕೇಳಲೂ ಲಾರರು.